ಒಲೆಗೆ ಪಾವು, ಎಲೆಗೆ ಕಣ್ಣು

"ಬುದ್ಧಿ, ಇಪ್ಪತ್ತೆರಡು ಮೇಲೋ, ಮೂವತ್ತೊಂದು ಮೇಲೋ?"

ಕೇಳಿದವನು ಗುರುಶಾಂತ, ಗುಡ್ಡದ ಮಠದ ಹಿರಿಯ ಶಿಷ್ಯ. ಹೆಸರಿಗೆ ಶಾಂತ. ಆ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಮಠದ ಎರಡು ಒಲೆಗೆ ಸಾಲುವಷ್ಟು ಬೆಂಕಿ ಇತ್ತು. ಮಧ್ಯಾಹ್ನದ ದಾಸೋಹ ಮುಗಿದು, ಎಲೆ ಎತ್ತಿ, ಸಾರಿಸಿ ಆಗಿತ್ತು. ಗುರುಗಳು ಜಗಲಿಯ ಕಂಬಕ್ಕೆ ಒರಗಿ, ಮೊರದಲ್ಲಿ ನಾಳೆಯ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದರು. ಆ ಮಠದಲ್ಲಿ ಗುರುಗಳನ್ನು ಎದುರಿಗೆ 'ಬುದ್ಧಿ' ಎಂದು ಕರೆಯುವುದು ವಾಡಿಕೆ.

"ಏನನ್ನು ಎಣಿಸಿದ್ದು ಅನ್ನುವುದನ್ನು ಮೊದಲು ಹೇಳಪ್ಪ," ಎಂದರು ಗುರುಗಳು, ತಲೆ ಎತ್ತದೆ. "ಮಾವಿನಹಣ್ಣಾದರೆ ಮೂವತ್ತೊಂದು ಮೇಲು. ಹುಣ್ಣಾದರೆ ಎರಡೂ ಬೇಡ."

ಗುರುಶಾಂತನಿಗೆ ನಗು ಬರಲಿಲ್ಲ. ಎರಡು ದಿನದಿಂದ ಅವನಿಗೆ ಯಾವುದಕ್ಕೂ ನಗು ಬಂದಿರಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಾರ್ಡನ್ನು ತೆಗೆದು, ಮಡಿಕೆ ಬಿಚ್ಚಿ, ಮೊರದ ಪಕ್ಕ ಇಟ್ಟ. ಅದರ ಮೇಲೆ ಹಸಿರು ಶಾಯಿಯಲ್ಲಿ ಇಪ್ಪತ್ತೆರಡು ಎಂದು ಬರೆದಿತ್ತು.

ಹೋದ ವಾರ ಮಠದ ಅಂಗಳದಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ದಾಕ್ಷಾಯಿಣಿ ಎಂಬ ನರ್ಸಮ್ಮ ಬಾಗಿಲಲ್ಲೇ ತೂಕದ ಯಂತ್ರ ಇಟ್ಟು, ಗೋಡೆಗೆ ಅಳತೆಪಟ್ಟಿ ಅಂಟಿಸಿ, ಒಬ್ಬೊಬ್ಬರನ್ನೇ ನಿಲ್ಲಿಸಿದ್ದರು. ಕಿಲೋದಲ್ಲಿ ಬಂದ ತೂಕವನ್ನು ಮೀಟರಿನಲ್ಲಿ ಬಂದ ಎತ್ತರದಿಂದ ಭಾಗಿಸುವುದು, ಬಂದದ್ದನ್ನು ಮತ್ತೊಮ್ಮೆ ಅದೇ ಎತ್ತರದಿಂದ ಭಾಗಿಸುವುದು. ಆಗ ಉಳಿಯುವ ಅಂಕಿಗೆ ಬಿಎಂಐ ಎಂದು ಹೆಸರು. ನಮ್ಮ ಕಡೆಯ ಜನರಿಗೆ ಅದು ಹದಿನೆಂಟೂವರೆಗಿಂತ ಕೆಳಗಾದರೆ ತೂಕ ಕಡಿಮೆ, ಇಪ್ಪತ್ತಮೂರು ದಾಟಿದರೆ ತೂಕ ಹೆಚ್ಚು, ನಡುವೆ ಇದ್ದರೆ ಸರಿ ಎಂದು ಆಕೆ ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಗುರುಶಾಂತನದು ಇಪ್ಪತ್ತೆರಡು ಬಂತು. ಅವನ ಹಿಂದೆ ನಿಂತಿದ್ದ ಸಿದ್ದಮಲ್ಲನದು ಮೂವತ್ತೊಂದು. ಅವನ ಕಾರ್ಡಿನ ಅಂಕಿಗೆ ಕೆಂಪು ಶಾಯಿ.

"ಈ ಅಂಕಿ ಬಾಗಿಲಿದ್ದ ಹಾಗೆ, ಇಲ್ಲೇ ನಿಲ್ಲಬೇಡಿ," ಎಂದಿದ್ದರು ನರ್ಸಮ್ಮ. "ಒಳಗೆ ಹೊಟ್ಟೆಯ ಸುತ್ತಳತೆ ತೆಗೀತೀವಿ, ಬಿಪಿ ನೋಡ್ತೀವಿ, ಬೆರಳಿಂದ ಒಂದು ಹನಿ ರಕ್ತ ತಗೊಂಡು ಶುಗರ್ ನೋಡ್ತೀವಿ. ಹಸಿರು ಬಂದವರೂ ಹೋಗಿ, ಕೆಂಪು ಬಂದವರೂ ಹೋಗಿ."

ಸಿದ್ದಮಲ್ಲ ಒಳಗೆ ಹೋಗಿ ಒಂದು ಗಂಟೆ ಸಾಲಿನಲ್ಲಿ ಕೂತ. ಗುರುಶಾಂತ ಹೋಗಲಿಲ್ಲ. ಹಸಿರು ಬಂದವನಿಗೆ ಒಳಗೇನು ಕೆಲಸ? ಅದೂ ಅಲ್ಲದೆ, ಹೊಟ್ಟೆಗೆ ಟೇಪು ಸುತ್ತುತ್ತಾರೆ ಎಂದದ್ದು ಅವನಿಗೆ ಹಿಡಿಸಲಿಲ್ಲ. ಕೈಕಾಲು ತೆಳ್ಳಗಿದ್ದರೂ ಅವನ ಹೊಟ್ಟೆ ಮಾತ್ರ ಸಣ್ಣ ಗಡಿಗೆಯ ಹಾಗೆ ಮುಂದೆ ಬಂದಿತ್ತು. ಶಲ್ಯದ ಕೃಪೆಯಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಾರ್ಡನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿನಿಂದಲೇ ಹಿಂದಿರುಗಿದ.

ಇದೆಲ್ಲ ಆಗಿ ವಾರ ಕಳೆಯುವಷ್ಟರಲ್ಲಿ ಜೋಳಿಗೆಯ ವಿಷಯ ಬಂತು.

ಪ್ರತಿ ಕಾರ್ತಿಕದಲ್ಲಿ ಗುರುಗಳು ಒಂಬತ್ತು ದಿನ ಕಾಲ್ನಡಿಗೆಯಲ್ಲಿ ಊರೂರು ಸುತ್ತಿ ದಾಸೋಹಕ್ಕೆ ಧಾನ್ಯ ಬೇಡಿ ತರುತ್ತಿದ್ದರು. ಜೊತೆಯಲ್ಲಿ ಒಬ್ಬನೇ ಶಿಷ್ಯ, ಜೋಳಿಗೆ ಹೊರುವವನು. ಗುರುಗಳ ಕಾಲಿಗೆ ಬಿದ್ದವರು ಆ ಜೋಳಿಗೆಗೂ ಕೈ ಮುಗಿಯುತ್ತಾರೆ. ಮುಂದೆ ಮಠದ ಹೊಣೆ ಯಾರ ಹೆಗಲಿಗೆ ಎಂಬುದನ್ನು ಜನ ಅದರಿಂದಲೇ ಊಹಿಸುತ್ತಾರೆ. ಮೂರು ವರ್ಷ ಅದು ಗುರುಶಾಂತನ ಹೆಗಲ ಮೇಲಿತ್ತು. ಮೊನ್ನೆ ಬೆಳಗ್ಗೆ ಗುರುಗಳು ಅದನ್ನು ಗೂಟದಿಂದ ತೆಗೆದು, ಯಾರಿಗೂ ಏನೂ ಹೇಳದೆ, ಸಿದ್ದಮಲ್ಲನ ಕೈಗೆ ಕೊಟ್ಟರು. ಸಿದ್ದಮಲ್ಲ ಮಠಕ್ಕೆ ಬಂದು ಇನ್ನೂ ಎರಡು ವರ್ಷವಾಗಿರಲಿಲ್ಲ, ಸೌದೆ ಒಡೆಯುವ ಕೆಲಸದವನು.

ಗುರುಶಾಂತನಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು. ಹೊಟ್ಟೆಕಿಚ್ಚು ಹತ್ತಿದವನಿಗೆ ಹಸಿವು ಕಡಿಮೆ, ಲೆಕ್ಕ ಜಾಸ್ತಿ. ಅಂದಿನಿಂದ ಅವನು ಸಿದ್ದಮಲ್ಲ ತಿನ್ನುವ ಮುದ್ದೆ ಎಣಿಸತೊಡಗಿದ. ಒಂದು, ಎರಡು, ನೋಡು ಮೂರನೆಯದಕ್ಕೂ ಕೈ ಒಡ್ಡಿದ. ಅವನು ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ ಎಂದು ಕಿವಿ ಕೊಟ್ಟು ಕೇಳಿದ. ಬರಲಿಲ್ಲ. ಅದೂ ಒಂದು ಸಂಕಟವಾಯಿತು. ಶಿಬಿರದವರು ಒಳಗೆ ಎಲ್ಲ ನೋಡಿ, ರಕ್ತ ಚೆನ್ನಾಗಿದೆ, ತೂಕದಲ್ಲಿ ಬಹುಪಾಲು ಎದೆ ತೋಳಿನದೇ, ಆದರೂ ಮಂಡಿಗೆ ಭಾರ, ತುಪ್ಪ ಕಡಿಮೆ ಮಾಡಿ ಎಂದಿದ್ದರಂತೆ. ಸಿದ್ದಮಲ್ಲ ಅದನ್ನು ನಗುತ್ತ ಹೇಳಿಕೊಂಡಿದ್ದ. ಗುರುಶಾಂತ ನಂಬಿರಲಿಲ್ಲ.

"ಅವನದು ಕೆಂಪು, ನನ್ನದು ಹಸಿರು," ಎಂದ ಈಗ ಗುರುಗಳ ಮುಂದೆ. "ಅಳೆದವರು ಹೊರಗಿನವರು, ಅವರಿಗೆ ನಾನೂ ಬೇಕಿಲ್ಲ ಅವನೂ ಬೇಕಿಲ್ಲ. ಅಂಕಿ ನನ್ನ ಕಡೆಗಿದೆ. ಹಾಗಿದ್ದ ಮೇಲೆ ಒಂಬತ್ತು ದಿನ ನಡೆಯುವ ಜೋಳಿಗೆ ಅವನಿಗೇಕೆ, ಬುದ್ಧಿ?"

ಗುರುಗಳು ಒಂದು ಕಲ್ಲನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿ ಆಚೆ ಎಸೆದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಕತೆ ಮುಗಿದ ಮೇಲೂ ನಿನ್ನಲ್ಲಿ ಇದೇ ಪ್ರಶ್ನೆ ಉಳಿದಿದ್ದರೆ, ಜೋಳಿಗೆ ನಿನ್ನದೇ."

ಗುರುಶಾಂತನ ಎದೆ ಹಗುರಾಯಿತು. ಪ್ರಶ್ನೆಯನ್ನು ಉಳಿಸಿಕೊಳ್ಳುವುದು ಏನು ಮಹಾ? ಎಂಥ ಕತೆ ಹೇಳಿದರೂ ಬಿಡಬಾರದೆಂದು ಗಟ್ಟಿ ಮಾಡಿಕೊಂಡ. ಜಗಲಿಯ ಮೂಲೆಯಲ್ಲಿದ್ದ ಮಣ್ಣಿನ ಹೂಜಿಯನ್ನು ಪಕ್ಕಕ್ಕೆ ಎಳೆದುಕೊಂಡು, ಒಂದು ಲೋಟ ನೀರು ಕುಡಿದು, ಕಾಲು ಚಾಚಿ ಕೂತ. ಈಚೆಗೆ ಬಾಯಿ ಸುಮ್ಮಸುಮ್ಮನೆ ಒಣಗುತ್ತಿತ್ತು. ಒಳಗೆ ಕಿಚ್ಚು ಇದ್ದರೆ ಹಾಗೇ ಆಗುತ್ತದೇನೋ ಎಂದುಕೊಂಡಿದ್ದ. ಚಾಚಿದ ಎಡಗಾಲಿನ ಹೆಬ್ಬೆರಳಿಗೆ ಅರಿಸಿನ ಹತ್ತಿದ ಒಂದು ಬಟ್ಟೆ ಸುತ್ತಿತ್ತು. ಎರಡು ತಿಂಗಳ ಹಿಂದೆ, ಗೌರಿ ಹಬ್ಬದಂದು ಹೊಸಿಲು ಎಡವಿ ಉಗುರು ಕಿತ್ತಿತ್ತು. ನೋವಿರಲಿಲ್ಲವಾದ್ದರಿಂದ ಅವನು ಅದನ್ನು ಮರೆತೇಬಿಟ್ಟಿದ್ದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಅನ್ನಛತ್ರ. ಛತ್ರದಲ್ಲಿ ಒಬ್ಬ ಅಡುಗೆಯವ, ಒಬ್ಬ ಬಡಿಸುವವ. ಅಡುಗೆಯವನ ಹತ್ತಿರ ಒಂದು ಹಿತ್ತಾಳೆಯ ಪಾವು ಇತ್ತು. ಪಾವು ಎಂದರೆ ಕಾಲು ಸೇರು ಹಿಡಿಯುವ ಅಳತೆ. ಬಾಗಿಲಲ್ಲಿ ಎಷ್ಟು ಜನ ಬಂದರೆಂದು ಕೇಳುವನು, ಎಲೆಗೊಂದು ಪಾವಿನಂತೆ ಅಕ್ಕಿ ಅಳೆದು ಒಲೆಗೆ ಹಾಕುವನು. ನೂರು ಎಲೆಗೆ ನೂರು ಪಾವು. ದೊಡ್ಡವರು, ಚಿಕ್ಕವರು, ಕೆಲಸ ಮಾಡಿ ಬಂದವರು, ಕಾಯಿಲೆ ಬಿದ್ದು ಎದ್ದವರು, ಎಲ್ಲರನ್ನೂ ಕೂಡಿಸಿ ತಲೆಗೆ ಹಂಚಿ, ಇಪ್ಪತ್ತು ವರ್ಷ ನೋಡಿ ಕಂಡುಕೊಂಡ ಲೆಕ್ಕ ಅದು. ಒಂದು ದಿನವೂ ಅನ್ನ ಸಾಲದೆ ಹೋಗಲಿಲ್ಲ, ಒಂದು ದಿನವೂ ಹಳಸಲಿಲ್ಲ.

ಅಕ್ಕಿ ಬೆಂದ ಮೇಲೆ ಅವನು ಪಾವನ್ನು ಗೂಡಿನಲ್ಲಿಟ್ಟು ಪಂಕ್ತಿಗೆ ಬರುತ್ತಿದ್ದ. ಬಡಿಸುವವನ ಹಿಂದೆ ನಡೆಯುತ್ತ, ಒಂದೊಂದು ಎಲೆಯ ಮುಂದೆ ನಿಂತು, ಎಲೆಯನ್ನೂ ಕೂತವರ ಮುಖವನ್ನೂ ನೋಡಿ ಹೇಳುತ್ತಿದ್ದ. ಇಲ್ಲಿ ಎರಡು ಸೌಟು. ಇಲ್ಲಿ ಅರ್ಧ. ಇವರಿಗೆ ಅನ್ನ ಬೇಡ, ಗಂಜಿ ತಾ. ಬಡಿಸುವವನು ಹಾಗೇ ಹಾಕುತ್ತಿದ್ದ.

ಉಂಡವರು ಏಳುವಾಗ, ನಿನ್ನ ಕೈ ತಣ್ಣಗಿರಲಿ ಎಂದು ಅಡುಗೆಯವನನ್ನು ಹರಸಿ ಹೋಗುತ್ತಿದ್ದರು. ಬಡಿಸುವವನಿಗೆ ಅದನ್ನು ಸಹಿಸಲಾಗಲಿಲ್ಲ. ಅನ್ನದ ಪಾತ್ರೆ ಹೊತ್ತವನು ನಾನು, ಬಗ್ಗಿ ಬಗ್ಗಿ ಸೊಂಟ ಮುರಿದುಕೊಂಡವನು ನಾನು, ಹರಕೆ ಮಾತ್ರ ಅವನಿಗೆ. ಅವನಲ್ಲಿ ಇರುವುದಾದರೂ ಏನು? ಒಂದು ಪಾವು. ಆ ಪಾವು ನನ್ನ ಕೈಯಲ್ಲಿದ್ದರೆ ನಾನೇ ಅಡುಗೆಯವ. ಹೀಗೆ ಅಂದುಕೊಂಡ. ದಿನಾ ಅಂದುಕೊಂಡ.

ಒಂದು ದಿನ ಅವನು ಛತ್ರದ ಮೇಲ್ವಿಚಾರಕನಾದ ಪಾರುಪತ್ಯಗಾರನ ಬಳಿಗೆ ಹೋದ. "ಸ್ವಾಮಿ, ನಮ್ಮಲ್ಲಿ ಪಂಕ್ತಿಭೇದ ನಡೆಯುತ್ತಿದೆ. ಎಲೆಗೊಂದು ಪಾವು ಎಂಬುದು ಲೆಕ್ಕ. ಲೆಕ್ಕ ಮಾಡಿದವನೇ ಅದನ್ನು ಮುರಿಯುತ್ತಿದ್ದಾನೆ. ಆ ಕಲ್ಲು ಒಡೆಯುವವನು ಮೊದಲೇ ಕಂಬದಂತಿದ್ದಾನೆ, ಅವನಿಗೆ ಎರಡು ಸೌಟು. ಕೆರೆ ಏರಿಗೆ ಮಣ್ಣು ಹೊರುವ ಹೆಂಗಸೊಬ್ಬಳು ಬರುತ್ತಾಳೆ, ಕಡ್ಡಿಯಂತಿದ್ದಾಳೆ, ಅವಳಿಗೂ ಎರಡು ಸೌಟು. ಮುದುಕರಿಗೆ ಅರ್ಧ. ಇದೇನು ನ್ಯಾಯ?"

ಪಂಕ್ತಿಭೇದ ಎಂಬ ಮಾತು ಕೇಳಿದರೆ ಯಾವ ಪಾರುಪತ್ಯಗಾರನೂ ಬೆಚ್ಚುತ್ತಾನೆ. ಅಡುಗೆಯವನನ್ನು ಕರೆಸಿ ಕೇಳಿದ. "ಎಲೆಗೊಂದು ಪಾವು ಎಂಬುದು ನಿನ್ನದೇ ಲೆಕ್ಕವೋ ಅಲ್ಲವೋ?"

"ನನ್ನದೇ," ಎಂದ ಅಡುಗೆಯವ. "ಆದರೆ ಅದು ಒಲೆಯ ಲೆಕ್ಕ ಸ್ವಾಮಿ. ಒಲೆಗೆ ಪಾವು, ಎಲೆಗೆ ಕಣ್ಣು."

"ಕಣ್ಣಿಗೆ ಬೇಕಾದವರು ಬೇಡದವರು ಇರುತ್ತಾರೆ. ಪಾವಿಗೆ ಇರುವುದಿಲ್ಲ," ಎಂದ ಪಾರುಪತ್ಯಗಾರ. ಅಡುಗೆಯವನನ್ನು ಉಗ್ರಾಣ ನೋಡಿಕೊಳ್ಳಲು ಕಳುಹಿಸಿ, ಒಲೆ, ಪಾವು, ಪಂಕ್ತಿ ಮೂರನ್ನೂ ಬಡಿಸುವವನಿಗೆ ಕೊಟ್ಟ.

ಇಲ್ಲಿಗೆ ಬಂದಾಗ ಗುರುಶಾಂತನಿಗೆ ಸುಮ್ಮನಿರಲಾಗಲಿಲ್ಲ.

"ಪಾರುಪತ್ಯಗಾರ ಹೇಳಿದ್ದರಲ್ಲಿ ತಪ್ಪೇನು ಬುದ್ಧಿ? ಪಾವಿಗೆ ಪಕ್ಷಪಾತವಿಲ್ಲ ಎಂಬುದು ನಿಜವಲ್ಲವೇ?"

"ನಿಜ," ಎಂದರು ಗುರುಗಳು. "ಅವನು ಹೇಳಿದ್ದು ಪೂರ್ತಿ ನಿಜ. ಅದಕ್ಕೇ ಕತೆ ಮುಂದುವರಿಯಿತು."

ಗುರುಶಾಂತ ಇನ್ನೊಂದು ಲೋಟ ನೀರು ಬಗ್ಗಿಸಿಕೊಂಡ. ಹಿತ್ತಲಿನಿಂದ ಸಿದ್ದಮಲ್ಲನ ಕೊಡಲಿಯ ಸದ್ದು ಕೇಳುತ್ತಿತ್ತು. ಒಂದೇ ಸಮ, ಬಿಡುವಿಲ್ಲದೆ. ಗುರುಗಳಿಗೆ ಕೇಳಲಿ ಎಂದೇ ಅಷ್ಟು ಜೋರಾಗಿ ಒಡೆಯುತ್ತಿದ್ದಾನೆ ಎಂದುಕೊಂಡ ಗುರುಶಾಂತ. ಸೌದೆಯನ್ನು ಮೆತ್ತಗೆ ಒಡೆಯುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ.

ಗುರುಗಳು ಮುಂದುವರಿಸಿದರು.

ಬಡಿಸುವವನು ಕಂಚುಗಾರನ ಹತ್ತಿರ ಒಂದು ಬಟ್ಟಲು ಮಾಡಿಸಿದ. ಒಂದು ಪಾವು ಅಕ್ಕಿ ಬೆಂದರೆ ಎಷ್ಟು ಅನ್ನವೋ ಅಷ್ಟೇ ಹಿಡಿಯುವ ಬಟ್ಟಲು. ಎಲೆಗೊಂದು ಬಟ್ಟಲು, ಮೇಲೆ ಕೈಯಿಂದ ತಟ್ಟಿ ಸಮ ಮಾಡಿ ಹಾಕಿದ. ಯಾರ ಮುಖವನ್ನೂ ನೋಡಲಿಲ್ಲ. ನೋಡಿದರೆ ಪಂಕ್ತಿಭೇದವಾಗುತ್ತದೆಂದು ಹೆದರಿದ. ನೂರು ಬಟ್ಟಲಿಗೆ ನೂರು ಎಲೆ ಸರಿಹೋಯಿತು. ಪಾತ್ರೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಪಾರುಪತ್ಯಗಾರ ಬಂದು ಪಾತ್ರೆ ಬಗ್ಗಿ ನೋಡಿ ಮೆಚ್ಚಿ ಹೋದ.

ಎಲೆ ಎತ್ತುವಾಗ ಮುದುಕರ ಎಲೆಗಳಲ್ಲಿ ಅರ್ಧರ್ಧ ಅನ್ನ ಹಾಗೇ ಇತ್ತು. ಕಲ್ಲು ಒಡೆಯುವವನು ಎಲೆಯನ್ನು ಬಳಿದು, ಬೆರಳು ನೆಕ್ಕಿ, ಮತ್ತೂ ಕೂತೇ ಇದ್ದ. "ಇನ್ನೊಂದಿಷ್ಟು ಹಾಕಪ್ಪ," ಎಂದ. ಬಡಿಸುವವನು ಅವನ ಮೈಯನ್ನು ಮೇಲಿನಿಂದ ಕೆಳಗೆ ನೋಡಿ, "ಇಷ್ಟು ಇರುವುದು ಸಾಲದೆ?" ಎಂದು ಕೇಳಿದ. ಪಂಕ್ತಿಯಲ್ಲಿ ನಾಲ್ಕು ಜನ ನಕ್ಕರು. ಆ ಮೈ ಬೆಳೆದದ್ದು ದಿನಾ ಬಂಡೆ ಎತ್ತಿ ಎಂದು ಯಾರೂ ಹೇಳಲಿಲ್ಲ. ಮಾರನೆಯ ದಿನದಿಂದ ಕಲ್ಲು ಒಡೆಯುವವನು ಬರುವುದು ಬಿಟ್ಟ.

ಬಡಿಸುವವನಿಗೆ ಎಲ್ಲ ಸಿಕ್ಕಿತ್ತು, ಹರಕೆ ಒಂದು ಸಿಗಲಿಲ್ಲ. ಜನ ಉಂಡು ಸುಮ್ಮನೆ ಎದ್ದು ಹೋಗುತ್ತಿದ್ದರು. ಕೆಲವರು ಉಗ್ರಾಣದ ಕಿಟಕಿಯ ಹತ್ತಿರ ನಿಂತು ಹಳೆಯ ಅಡುಗೆಯವನನ್ನು ಮಾತಾಡಿಸಿ ಹೋಗುತ್ತಿದ್ದರು. ಅದನ್ನು ನೋಡಿ ಇವನ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು. ಕೇಳಿದ್ದು ಕೊಟ್ಟರೂ ಆರದ ಬೆಂಕಿ ಅದೊಂದೇ.

ಅವನ ಮನಸ್ಸಿಗೆ ತಂಪೆರೆಯುವ ಎಲೆ ಪಂಕ್ತಿಯಲ್ಲಿ ಒಂದೇ ಇತ್ತು. ಆ ಮಣ್ಣು ಹೊರುವ ಹೆಂಗಸಿನದು. ಒಂದು ಬಟ್ಟಲು ಹಾಕಿದರೆ ಒಂದು ಅಗುಳು ಬಿಡುತ್ತಿರಲಿಲ್ಲ, ಇನ್ನೊಂದು ಅಗುಳು ಕೇಳುತ್ತಿರಲಿಲ್ಲ. ಅವಳು ಎದ್ದು ಹೋದ ಮೇಲೆ ಅವಳ ಎಲೆಯನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. "ನೋಡಿ, ಲೆಕ್ಕಕ್ಕೆ ಸರಿಯಾದ ಎಲೆ ಅಂದರೆ ಇದು. ಎಲ್ಲರೂ ಹೀಗಿದ್ದರೆ ಛತ್ರಕ್ಕೆ ಚಿಂತೆಯೇ ಇಲ್ಲ."

ಒಂಬತ್ತನೆಯ ದಿನ ಆ ಹೆಂಗಸು ಉಂಡು ಎದ್ದು, ಕೈ ತೊಳೆಯುವ ಕಟ್ಟೆಯ ಹತ್ತಿರ ಹೋಗಿ, ಹಾಗೇ ಕುಸಿದು ಬಿದ್ದಳು.

ಗುರುಗಳು ಮೊರವನ್ನು ಒಮ್ಮೆ ಕೇರಿ ಕೆಳಗಿಟ್ಟರು. ಗುರುಶಾಂತನ ಲೋಟ ಮತ್ತೆ ಖಾಲಿಯಾಗಿತ್ತು. ಮೂರನೆಯದನ್ನು ಯಾವಾಗ ಕುಡಿದನೋ ಅವನಿಗೇ ತಿಳಿಯಲಿಲ್ಲ. ಹೂಜಿ ಬಗ್ಗಿಸಿ ನಾಲ್ಕನೆಯದನ್ನು ತುಂಬಿಕೊಂಡ. ಹೂಜಿಯ ತಳದಲ್ಲಿದ್ದದ್ದು ಅಷ್ಟೇ.

"ಸತ್ತಳೇ ಬುದ್ಧಿ?"

"ಕೇಳು," ಎಂದರು ಗುರುಗಳು.

ಬಿದ್ದಾಗ ಅವಳ ಸೆರಗಿನ ಗಂಟು ಬಿಚ್ಚಿಕೊಂಡಿತು. ಅದರೊಳಗಿಂದ ಅನ್ನ ಚೆಲ್ಲಿತು. ಒಂದು ಬಟ್ಟಲು ಅನ್ನ, ಅಳೆದಿಟ್ಟ ಹಾಗೆ. ಊರಾಚೆಯ ಮಂಟಪದಲ್ಲಿ ಅವಳ ಅತ್ತೆ ಎದ್ದು ಓಡಾಡಲಾರದೆ ಮಲಗಿದ್ದಳು. ಪಂಕ್ತಿಗೆ ಬಂದವರಿಗೆ ಮಾತ್ರ ಅನ್ನ ಎಂಬುದು ಛತ್ರದ ಕಟ್ಟಳೆ. ಎಲೆಗೆ ಬಿದ್ದದ್ದನ್ನೆಲ್ಲ ಸೆರಗಿಗೆ ಹಾಕಿಕೊಂಡು, ತಾನು ಎರಡು ಬೊಗಸೆ ಮಜ್ಜಿಗೆ ಕುಡಿದು, ಅವಳು ಒಂಬತ್ತು ದಿನ ಮಣ್ಣು ಹೊತ್ತಿದ್ದಳು.

ಬಡಿಸುವವನು ಬಟ್ಟಲು ಹಿಡಿದು ನಿಂತಿದ್ದ. "ನಾನು ಹಾಕಿದ್ದೆ. ಪೂರಾ ಒಂದು ಪಾವಿನದು ಹಾಕಿದ್ದೆ. ಎಲೆ ಖಾಲಿಯಾಗಿತ್ತು," ಎಂದು ಅದನ್ನೇ ಹೇಳಿದ. ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.

ಉಗ್ರಾಣದಿಂದ ಅಡುಗೆಯವ ಗಂಜಿ ಹಿಡಿದು ಬಂದು, ಅವಳ ತಲೆಯನ್ನು ಎತ್ತಿ ಹಿಡಿದು, ಒಂದೊಂದೇ ಗುಟುಕು ಕುಡಿಸಿದ. ಅವಳು ಕಣ್ಣು ಬಿಟ್ಟ ಮೇಲೆ ಬಡಿಸುವವನ ಕಡೆಗೆ ತಿರುಗಿ ಹೇಳಿದ. "ಆ ಎಲೆಗೆ ನಾನು ಎರಡು ಸೌಟು ಹಾಕಿಸುತ್ತಿದ್ದೆ, ನೆನಪಿದೆಯೇ? ಒಂದು ಸೆರಗಿಗೆ, ಒಂದು ಹೊಟ್ಟೆಗೆ. ಎರಡನೆಯ ಸೌಟು ಅವಳ ಬಾಯಿಗೆ ಹೋಗುವವರೆಗೂ ನಾನು ಅಲ್ಲಿಂದ ಕದಲುತ್ತಿರಲಿಲ್ಲ."

ಬಡಿಸುವವನಿಗೆ ನೆನಪಿತ್ತು. ದೂರು ಕೊಟ್ಟದ್ದೇ ಅದನ್ನು ಎಣಿಸಿ. ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ಗೂಡಿನಲ್ಲಿದ್ದ ಹಿತ್ತಾಳೆಯ ಪಾವನ್ನು ತಂದು ಬಾವಿಗೆ ಎಸೆಯಲು ಕೈ ಎತ್ತಿದ. "ಈ ಪಾವು ಸುಳ್ಳು. ಇದನ್ನು ನಂಬಿ ಕೆಟ್ಟೆ," ಎಂದ.

ಅಡುಗೆಯವ ಅವನ ಮಣಿಕಟ್ಟು ಹಿಡಿದ. "ಪಾವಿನ ಮೇಲೆ ಯಾಕೆ ಸಿಟ್ಟು? ನಾಳೆ ನೂರು ಜನ ಬರುತ್ತಾರೆ, ಅಕ್ಕಿಯನ್ನು ಯಾವುದರಿಂದ ಅಳೆಯಲಿ? ಅದು ಸುಳ್ಳು ಹೇಳಲಿಲ್ಲ. ನೂರು ಜನರ ಮಾತನ್ನು ನೀನು ಒಬ್ಬಳ ಮೇಲೆ ಹೊರಿಸಿದೆ." ಆಮೇಲೆ ಪಾವನ್ನು ಅವನ ಕೈಯಿಂದ ಬಿಡಿಸಿಕೊಂಡು ಮತ್ತೆ ಗೂಡಿನಲ್ಲಿಟ್ಟ.

"ಅಷ್ಟು ವರ್ಷ ನನ್ನ ಹಿಂದೆ ನಡೆದೆಯಲ್ಲ, ಯಾರ ಎಲೆ ನೋಡುತ್ತಿದ್ದೆ?" ಎಂದು ಬಡಿಸುವವನು ಕೇಳಿದ.

"ಎಲ್ಲರದನ್ನೂ," ಎಂದ ಅಡುಗೆಯವ. "ನಿನ್ನದನ್ನೂ."

"ಕತೆ ಇಷ್ಟೇ," ಎಂದರು ಗುರುಗಳು.

ಹಿತ್ತಲಿನ ಕೊಡಲಿಯ ಸದ್ದು ನಿಂತಿತ್ತು. ಗುರುಶಾಂತ ಕತೆಯನ್ನು ಒಳಗೊಳಗೇ ತಿರುವಿ ಹಾಕಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಡಿಸುವವನ ಮಾತು ಬಂದಾಗಲೆಲ್ಲ ಅವನ ಕಿವಿ ಬಿಸಿಯಾಗಿತ್ತು. ತಾನು ಸಿದ್ದಮಲ್ಲನ ಮುದ್ದೆ ಎಣಿಸಿದ್ದು ಗುರುಗಳಿಗೆ ಹೇಗೆ ತಿಳಿಯಿತು? ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದ ಎನ್ನುವ ಗಾದೆ ನೆನಪಾಗಿ, ಗುರುಗಳ ಮುಖ ನೋಡಲು ಆಗಲಿಲ್ಲ. ಆದರೂ ಜೋಳಿಗೆ ಕಣ್ಣ ಮುಂದೆಯೇ ಇತ್ತು. ಅದರ ಪಟ್ಟಿ ಎಡ ಹೆಗಲಿನ ಮೇಲೆ ಎಲ್ಲಿ ಕೂರುತ್ತದೆಂಬುದು ಕೂಡ ಮೈಗೆ ನೆನಪಿತ್ತು. ಬಿಡಲು ಮನಸ್ಸು ಬರಲಿಲ್ಲ. ಪ್ರಶ್ನೆ ಉಳಿದರೆ ಜೋಳಿಗೆ ನಿನ್ನದು ಎಂದು ಗುರುಗಳೇ ಹೇಳಿದ್ದಾರೆ. ಆಡಿದ ಮಾತಿಗೆ ತಪ್ಪುವವರಲ್ಲ ಅವರು.

ಅಷ್ಟರಲ್ಲಿ ಸಿದ್ದಮಲ್ಲನೇ ಜಗಲಿಗೆ ಬಂದ. ಮೈಯೆಲ್ಲ ಬೆವರು, ಹೆಗಲ ಮೇಲೆ ಸೌದೆಯ ಸಿಬಿರು. ಗುರುಗಳಿಗೆ ಕೈ ಮುಗಿದು, ಪಕ್ಕದಲ್ಲಿದ್ದ ಹೂಜಿಯನ್ನು ಎತ್ತಿ ಅಲ್ಲಾಡಿಸಿ ನೋಡಿದ.

"ಗುರುಶಾಂತಣ್ಣ, ಖಾಲಿ ಆಗದೆ. ತುಂಬ್ಕೊಂಡು ಬರ್ಲಾ? ಬೆಳಗ್ಗೆ ತಾನೆ ತುಂಬಿಟ್ಟಿದ್ದೆ."

ಉಪಕಾರ ಮಾಡಿ ಉರಿಸುವುದೆಂದರೆ ಇದೇ ಎಂದುಕೊಂಡ ಗುರುಶಾಂತ. ಸಿದ್ದಮಲ್ಲ ಬಾವಿಯ ಹತ್ತಿರ ಹೋಗಿ, ತುಂಬಿದ ಹೂಜಿಯನ್ನು ಒಂದೇ ಕೈಯಲ್ಲಿ ತಂದು, ಸದ್ದಾಗದಂತೆ ಅವನ ಪಕ್ಕದಲ್ಲಿಟ್ಟು, ಮತ್ತೆ ಹಿತ್ತಲಿಗೆ ಹೋದ.

ಗುರುಶಾಂತ ಲೋಟ ತುಂಬಿ ಒಂದೇ ಉಸಿರಿಗೆ ಕುಡಿದ. ಬಾಯಿ ಒರೆಸಿಕೊಂಡು ಹೇಳಿದ.

"ಒಪ್ಪಿದೆ ಬುದ್ಧಿ. ಕಲ್ಲು ಒಡೆಯುವವನು ಸಿದ್ದಮಲ್ಲ. ಅವನ ಮೂವತ್ತೊಂದು ನೋಡಿ ಅವನ ಬಲ ಹೇಳಲಾಗದು. ಅಂಕಿ ಸಾವಿರ ಜನಕ್ಕೆ ಸರಿ, ಒಬ್ಬನಿಗೆ ಸಾಲದು. ಬಡಿಸುವವನು ನಾನು. ಹೊಟ್ಟೆಕಿಚ್ಚು ಪಟ್ಟದ್ದೂ ನಿಜ, ಅದನ್ನೂ ಒಪ್ಪಿದೆ. ಆದರೆ ಕತೆಯಿಂದ ಅವನ ಅಂಕಿ ಬಿತ್ತೇ ಹೊರತು ನನ್ನದು ಬೀಳಲಿಲ್ಲ. ಅವನಷ್ಟೇ ನಾನೂ ಗಟ್ಟಿ. ಮೂರು ವರ್ಷ ಹೊತ್ತವನು ನಾನು, ಒಂದು ದಿನ ಹಿಂದೆ ಬಿದ್ದವನಲ್ಲ. ಹಾಗಾಗಿ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಜೋಳಿಗೆ ನನಗೇಕಿಲ್ಲ?"

ಹೇಳಿ ಮುಗಿಸಿದಾಗ ಅವನಿಗೆ ಒಳಗೊಳಗೇ ಗೆದ್ದ ಹಾಗಾಯಿತು. ಹಸಿರು ಶಾಯಿಯ ಕಾರ್ಡ್ ಮೊರದ ಪಕ್ಕದಲ್ಲೇ ಇತ್ತು. ಅದನ್ನು ಬೆರಳಿನಿಂದ ಗುರುಗಳ ಕಡೆಗೆ ಇನ್ನಷ್ಟು ಸರಿಸಿದ.

ಗುರುಗಳು ಕಾರ್ಡನ್ನು ನೋಡಲಿಲ್ಲ. ಹೂಜಿಯನ್ನು ನೋಡಿದರು, ಆಮೇಲೆ ಅವನು ಚಾಚಿದ ಎಡಗಾಲನ್ನು ನೋಡಿದರು. ಅವರು ಅದನ್ನು ಮೊದಲ ಸಲ ನೋಡುತ್ತಿದ್ದ ಹಾಗೆ ಕಾಣಲಿಲ್ಲ.

"ಆ ಹೆಂಗಸಿನ ಎಲೆಯೂ ನಿನ್ನದೇ ಗುರುಶಾಂತ, ಇದು ಐದನೆಯ ಲೋಟ ನೀರು, ಆ ಹೆಬ್ಬೆರಳಿನ ಬಟ್ಟೆ ಗೌರಿ ಹಬ್ಬದ್ದು. ಶಿಬಿರದಲ್ಲಿ ಕೊಡದೆ ಬಂದ ಆ ಒಂದು ಹನಿ ರಕ್ತವನ್ನು ಮೊದಲು ಕೊಟ್ಟು ಬಾ."